ಔಷಧ ಹೊಡೆಯುವ ದಿನಗಳಲ್ಲಿ ಜೇನುಪೆಟ್ಟಿಗೆ ಕಾಯುವ ಬಗೆ

ಪುಣೆಯ ಕನ್ನಡಿಗರಲ್ಲಿ ಶಿರಸಿ, ಸಾಗರ, ಕೊಡಗಿನ ಕಡೆಯಿಂದ ಬಂದ ಕೆಲವರು ತುಡುವೆ ಜೇನಿನ ಪೆಟ್ಟಿಗೆಯ ಗೀಳನ್ನು ಇಲ್ಲಿಗೂ ಹೊತ್ತು ತಂದಿದ್ದಾರೆ. ಕೆಲವರ ಪೆಟ್ಟಿಗೆ ಮನೆಯ ತಾರಸಿಯ ಮೇಲಿದ್ದರೆ, ಇನ್ನು ಕೆಲವರದು ಸಾಸವಡ, ಜುನ್ನರ, ಮುಳಶಿಯ ಕಡೆ ಪರಿಚಯದ ರೈತರ ಬದುವಿನಲ್ಲಿರುತ್ತದೆ. ಊರಿನಲ್ಲಿ ನಾವು ಕಂಡ ಔಷಧವೆಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಮಾತ್ರ. ಮೈಲುತುತ್ತ, ಸುಣ್ಣ, ನೀರು, ಇಷ್ಟೇ. ಅದನ್ನು ನೋಡಿ ಬೆಳೆದವರಿಗೆ ಔಷಧ ಮತ್ತು ಜೇನು ಒಂದೇ ತೋಟದಲ್ಲಿ ಹೇಗೋ ಹೊಂದಿಕೊಂಡು ಹೋಗುತ್ತವೆ ಎಂಬ ಧೈರ್ಯವಿರುತ್ತದೆ. ದಾಳಿಂಬೆ, ದ್ರಾಕ್ಷಿ, ಟೊಮೇಟೊ, ಈರುಳ್ಳಿ ಬೀಜದ ಬೆಳೆಗಳ ನಡುವೆ ಪೆಟ್ಟಿಗೆ ಇಟ್ಟ ಮೊದಲ ಹಂಗಾಮಿನಲ್ಲಿಯೇ ಆ ಧೈರ್ಯ ಕರಗುತ್ತದೆ. ನನ್ನದು ಕರಗಿದ್ದು ಪುರಂದರ ತಾಲ್ಲೂಕಿನ ಒಂದು ಈರುಳ್ಳಿ ಬೀಜದ ಹೊಲದ ಪಕ್ಕದಲ್ಲಿ.

ಜನವರಿಯ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಅಲ್ಲಿಗೆ ಹೋದಾಗ ಪೆಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಎರಡು ಹಿಡಿಯಷ್ಟು ಜೇನುನೊಣಗಳು ಬಿದ್ದಿದ್ದವು. ಸತ್ತ ನೊಣಗಳ ನಾಲಗೆ ಪೂರ್ತಿ ಹೊರಗೆ ಚಾಚಿಕೊಂಡಿತ್ತು, ಹಿಂಗಾಲುಗಳಲ್ಲಿ ಪರಾಗದ ಉಂಡೆ ಹಾಗೆಯೇ ಇತ್ತು. ಸಾಯದೆ ಉಳಿದವು ಬೆನ್ನ ಮೇಲೆ ಬಿದ್ದು ತಿರುಗುತ್ತಿದ್ದವು. ಹೊಲದ ಯಜಮಾನರು ಸಜ್ಜನರು. ಆ ಬೆಳಿಗ್ಗೆ ಫವಾರಣಿ, ಅಂದರೆ ಔಷಧ ಸಿಂಪಡಣೆ, ಆಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿ ಎರಡು ಖಾಲಿ ಪೊಟ್ಟಣ, ಡಬ್ಬಿಗಳನ್ನು ತಂದು ತೋರಿಸಿದರು. ಒಂದು ಥ್ರಿಪ್ಸ್ ಎಂಬ ಪುಟ್ಟ ಕೀಟಕ್ಕೆ ಹೊಡೆಯುವ ಅಸಿಟಾಮಿಪ್ರಿಡ್, ಇನ್ನೊಂದು ಎಲೆಯ ನೇರಳೆ ಚುಕ್ಕೆ ರೋಗಕ್ಕೆ ಹೊಡೆಯುವ ಪ್ರೊಪಿಕೊನಜೋಲ್. ಜೇನಿಗೆ ಅಷ್ಟು ಅಪಾಯವಿಲ್ಲದ ಔಷಧ ಕೊಡಿ ಎಂದು ಕೇಳಿಯೇ ತಂದಿದ್ದೆ ಎಂದು ಅವರು ಹೇಳಿದರು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಇವರೂ ಸುಳ್ಳು ಹೇಳಲಿಲ್ಲ. ಹಾಗಿದ್ದೂ ಪೆಟ್ಟಿಗೆ ಖಾಲಿಯಾದದ್ದು ಹೇಗೆ ಎಂಬುದಕ್ಕೆ ಉತ್ತರ ನೊಣದ ದೇಹದೊಳಗಿನ ರಸಾಯನದಲ್ಲಿದೆ. ಅದನ್ನು ತಿಳಿದುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳು ಬಾಯಿಪಾಠದ ನಿಯಮಗಳಾಗದೆ ಆಯಾ ಹೊಲದ ಸಂದರ್ಭಕ್ಕೆ ತಕ್ಕಂತೆ ಬಳಕೆಗೆ ಬರುತ್ತವೆ.

ಡಬ್ಬಿಯ ತ್ರಿಕೋನ ನಮಗಾಗಿ, ನೊಣಕ್ಕಾಗಿ ಅಲ್ಲ

ಮೊದಲು ಮಾಡಬೇಕಾದ ಕೆಲಸವೆಂದರೆ ಸುತ್ತಲಿನ ರೈತರು ಬಳಸುವ ಔಷಧಗಳ ಹೆಸರನ್ನು ಬರೆದಿಟ್ಟುಕೊಳ್ಳುವುದು. ಕಂಪನಿ ಇಟ್ಟ ಹೆಸರು ಉಪಯೋಗಕ್ಕೆ ಬಾರದು, ಏಕೆಂದರೆ ಒಂದೇ ರಾಸಾಯನಿಕ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ಡಬ್ಬಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಶೇಕಡಾವಾರಿನೊಂದಿಗೆ ಅಚ್ಚಾದ ತಾಂತ್ರಿಕ ಹೆಸರನ್ನೇ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಡಬ್ಬಿಯ ಚಿತ್ರ ತೆಗೆದುಕೊಳ್ಳುವುದು ಇನ್ನೂ ಸುಲಭ.

ಅನೇಕರು ಅದನ್ನು ಬಿಟ್ಟು ಡಬ್ಬಿಯ ಬಣ್ಣದ ತ್ರಿಕೋನವನ್ನು ನೋಡುತ್ತಾರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಪ್ರಯೋಗಾಲಯದ ಪ್ರಾಣಿಗಳ ಮೇಲೆ ಅಳೆದ ವಿಷದ ತೀವ್ರತೆಯನ್ನು ಸೂಚಿಸುತ್ತವೆ. ಬಾಯಿಯ ಮೂಲಕ ಕೊಟ್ಟಾಗ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5,000ದವರೆಗೆ ನೀಲಿ, ಅದಕ್ಕಿಂತ ಹೆಚ್ಚಾದರೆ ಹಸಿರು. ಔಷಧ ಹೊಡೆಯುವ ಮನುಷ್ಯನಿಗೆ ಇದು ಬೇಕಾದ ಮಾಹಿತಿಯೇ. ಆದರೆ ಜೇನುನೊಣದ ವಿಷಯದಲ್ಲಿ ಈ ಬಣ್ಣ ಏನನ್ನೂ ಹೇಳುವುದಿಲ್ಲ.

ಥಯಾಮೆಥಾಕ್ಸಾಮ್ ಎಂಬ ಕೀಟನಾಶಕವನ್ನೇ ತೆಗೆದುಕೊಳ್ಳಿ. ಇಲಿಗೆ ಅದರ ಮಾರಕ ಪ್ರಮಾಣ ಕಿಲೋಗೆ 1,563 ಮಿಲಿಗ್ರಾಂ, ಅಂದರೆ ನೀಲಿಯ ಮಿತಿಯೊಳಗಿನದು. ಮಕರಂದದ ಜೊತೆ ನುಂಗಿದ ಜೇನುನೊಣಕ್ಕೆ ಅದರ ಮಾರಕ ಪ್ರಮಾಣ ಸುಮಾರು 5 ನ್ಯಾನೋಗ್ರಾಂ. ಒಂದು ನೊಣದ ತೂಕವನ್ನು 100 ಮಿಲಿಗ್ರಾಂ ಎಂದು ಹಿಡಿದರೆ ಅದು ಕಿಲೋಗೆ 0.05 ಮಿಲಿಗ್ರಾಂ ಆಗುತ್ತದೆ. ತೂಕಕ್ಕೆ ತೂಕ ಹೋಲಿಸಿದಾಗ ಇಲಿಗಿಂತ ನೊಣಕ್ಕೆ ಇದು ಸುಮಾರು 30,000 ಪಟ್ಟು ಹೆಚ್ಚಿನ ವಿಷ. ಇಮಿಡಾಕ್ಲೋಪ್ರಿಡ್ ಮತ್ತು ಕ್ಲೋಥಿಯಾನಿಡಿನ್ ಕೂಡ ನೊಣಕ್ಕೆ 4 ನ್ಯಾನೋಗ್ರಾಂನ ಆಸುಪಾಸಿನಲ್ಲಿಯೇ ಮಾರಕ. ಈ ಅಳತೆಗಳೆಲ್ಲ ಮೆಲ್ಲಿಫೆರಾ ಎಂಬ ಯುರೋಪಿನ ಜಾತಿಯ ದೊಡ್ಡ ನೊಣದ ಮೇಲೆ ಮಾಡಿದವು ಎಂಬುದನ್ನೂ ಮರೆಯಬಾರದು. ಇಲ್ಲಿಯ ರೈತರು ಸಾತೇರಿ ಎಂದು ಕರೆಯುವ ನಮ್ಮ ತುಡುವೆ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು.

ನೊಣಕ್ಕೆ ಇಷ್ಟು ಸಣ್ಣ ಪ್ರಮಾಣ ಏಕೆ ಸಾಕು? ನರದಿಂದ ನರಕ್ಕೆ ಸಂದೇಶ ದಾಟಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತು ಬಿಡುಗಡೆಯಾಗಿ ಎದುರಿನ ನರದ ಗ್ರಾಹಕಕ್ಕೆ ಅಂಟುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಮೇಲಿನ ಮೂರು ಔಷಧಗಳಿರುವ ನಿಯೋನಿಕೋಟಿನಾಯ್ಡ್ ಗುಂಪು ಆ ಗ್ರಾಹಕದಲ್ಲಿಯೇ ಕುಳಿತು ಏಳುವುದಿಲ್ಲ. ಕೀಟಗಳ ಗ್ರಾಹಕದ ರಚನೆ ನಮ್ಮದಕ್ಕಿಂತ ಬೇರೆಯಾದ್ದರಿಂದ ಅಲ್ಲಿ ಇವುಗಳ ಹಿಡಿತ ಬಹಳ ಬಿಗಿ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟುಗಳು ಗ್ರಾಹಕವನ್ನು ಬಿಟ್ಟು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಸೈಪರ್‌ಮೆಥ್ರಿನ್, ಲ್ಯಾಮ್ಡಾ ಸೈಹಲೋಥ್ರಿನ್‌ನಂಥ ಪೈರೆಥ್ರಾಯ್ಡುಗಳು ನರದ ಸೋಡಿಯಂ ಬಾಗಿಲನ್ನು ತೆರೆದೇ ಇಡುತ್ತವೆ. ಫಿಪ್ರೊನಿಲ್ ನರವನ್ನು ಶಾಂತಗೊಳಿಸುವ ಕ್ಲೋರೈಡ್ ಬಾಗಿಲನ್ನು ಮುಚ್ಚುತ್ತದೆ. ದಾರಿ ಬೇರೆ ಬೇರೆಯಾದರೂ ನರಕ್ಕೆ ಬಿಡುವಿಲ್ಲದಂತಾಗಿ ನೊಣ ನಡುಗಿ ಬೀಳುವುದು ಮಾತ್ರ ಒಂದೇ.

ಸಾಯದಿರುವ ಪ್ರಮಾಣವೂ ನಿರಪಾಯವೆಂದು ತಿಳಿಯಬಾರದು. ದಾರಿಯ ನೆನಪು, ಹೂವಿನ ವಾಸನೆಯ ನೆನಪು ಎಲ್ಲವೂ ಕೂಡಿರುವ ಮೆದುಳಿನ ಭಾಗ ಇದೇ ಅಸಿಟೈಲ್‌ಕೋಲಿನ್‌ನಿಂದ ನಡೆಯುತ್ತದೆ. ಫ್ರಾನ್ಸಿನ ಸಂಶೋಧಕರು ನೊಣಗಳ ಬೆನ್ನಿಗೆ ಪುಟ್ಟ ರೇಡಿಯೋ ಚೀಟಿ ಅಂಟಿಸಿ, ಕೊಲ್ಲದಷ್ಟು ಥಯಾಮೆಥಾಕ್ಸಾಮ್ ಉಣಿಸಿ ದೂರ ಬಿಟ್ಟಾಗ, ಉಣಿಸದ ನೊಣಗಳಿಗಿಂತ ಅವು ಹೆಚ್ಚು ಸಂಖ್ಯೆಯಲ್ಲಿ ಗೂಡಿಗೆ ಮರಳದೆ ಹೋದದ್ದು 2012ರಲ್ಲಿ ಪ್ರಕಟವಾಯಿತು. ಪೆಟ್ಟಿಗೆಯ ಮುಂದೆ ಒಂದೂ ಹೆಣವಿಲ್ಲದೆ ಜೇನಿನ ಕುಟುಂಬ ದಿನೇ ದಿನೇ ಸೊರಗುತ್ತಿದ್ದರೆ ಈ ಸಾಧ್ಯತೆಯನ್ನು ನೆನೆಯಬೇಕು. ಯುರೋಪಿಯನ್ ಒಕ್ಕೂಟ ಮೇಲಿನ ಮೂರೂ ಔಷಧಗಳನ್ನು 2013ರಲ್ಲಿ ನಿರ್ಬಂಧಿಸಿ, 2018ರಲ್ಲಿ ಬಯಲಿನ ಬೆಳೆಗಳಿಗೆ ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಅವು ಕೃಷಿ ಅಂಗಡಿಯ ಕಪಾಟಿನಲ್ಲಿಯೇ ಸಿಗುತ್ತವೆ.

ಬೆರಕೆಯನ್ನು ತಪ್ಪಿಸುವುದು

ಇನ್ನು ನನ್ನ ಈರುಳ್ಳಿ ಹೊಲದ ವಿಷಯ. ಅಸಿಟಾಮಿಪ್ರಿಡ್ ಕೂಡ ನಿಯೋನಿಕೋಟಿನಾಯ್ಡ್ ಗುಂಪಿನದೇ. ಆದರೆ ನೊಣ ನುಂಗಿದಾಗ ಅದರ ಮಾರಕ ಪ್ರಮಾಣ ಸುಮಾರು 14 ಮೈಕ್ರೋಗ್ರಾಂ, ಎಂದರೆ ಥಯಾಮೆಥಾಕ್ಸಾಮ್‌ಗಿಂತ ಸಾವಿರಾರು ಪಟ್ಟು ಸೌಮ್ಯ. ಕಾರಣವೇನೆಂದರೆ ನೊಣದ ದೇಹದಲ್ಲಿ ಇದನ್ನು ಬೇಗ ಒಡೆದುಹಾಕುವ ಕಿಣ್ವಗಳಿವೆ. ಅವು ಸೈಟೋಕ್ರೋಮ್ ಪಿ450 ಎಂಬ ದೊಡ್ಡ ಕುಲಕ್ಕೆ ಸೇರಿದವು. ಜೇನುನೊಣದ ವಂಶವಾಹಿಗಳ ಪೂರ್ಣ ನಕ್ಷೆ 2006ರಲ್ಲಿ ಪ್ರಕಟವಾದಾಗ ಈ ಕುಲದ 46 ವಂಶವಾಹಿಗಳು ಮಾತ್ರ ಅದರಲ್ಲಿ ಕಂಡವು. ಹಣ್ಣಿನ ನೊಣವಾದ ಡ್ರೊಸೊಫಿಲಾದಲ್ಲಿ ಅವು 85. ಗೂಡು ಕಾಯುವ ಸೈನಿಕರು ಮೊದಲೇ ಕಡಿಮೆ ಎಂದಂತಾಯಿತು.

ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಮುಂತಾದ ಟ್ರೈಯಜೋಲ್ ಗುಂಪಿನ ಶಿಲೀಂಧ್ರನಾಶಕಗಳು ಬೂಷ್ಟನ್ನು ಕೊಲ್ಲುವುದು ಅದರ ಒಂದು ಪಿ450 ಕಿಣ್ವವನ್ನು ತಡೆದೇ. ಅದೇ ಗುಣದಿಂದ ಅವು ನೊಣದ ಪಿ450ಗಳಿಗೂ ಅಡ್ಡ ಬರುತ್ತವೆ. ಸೈನಿಕರ ಕೈ ಕಟ್ಟಿದ ಮೇಲೆ ಸೌಮ್ಯ ಶತ್ರುವೂ ಸೌಮ್ಯವಲ್ಲ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರೊಪಿಕೊನಜೋಲ್ ಜೊತೆಗೂಡಿದಾಗ ನೊಣಕ್ಕೆ ಅಸಿಟಾಮಿಪ್ರಿಡ್‌ನ ವಿಷ ನೂರು ಪಟ್ಟು ಏರಿತು. ಅದೇ ಗುಂಪಿನ ಥಯಾಕ್ಲೋಪ್ರಿಡ್‌ನದು 500 ಪಟ್ಟಿಗೂ ಹೆಚ್ಚು. ಇಮಿಡಾಕ್ಲೋಪ್ರಿಡ್‌ನದು ಎರಡು ಪಟ್ಟೂ ಏರಲಿಲ್ಲ, ಏಕೆಂದರೆ ಅದನ್ನು ಒಡೆಯುವುದರಲ್ಲಿ ಈ ಕಿಣ್ವಗಳ ಪಾತ್ರ ಮೊದಲೇ ಅಲ್ಪ. ಲ್ಯಾಮ್ಡಾ ಸೈಹಲೋಥ್ರಿನ್‌ನಂಥ ಪೈರೆಥ್ರಾಯ್ಡುಗಳೂ ಇಂಥ ಶಿಲೀಂಧ್ರನಾಶಕಗಳ ಜೊತೆ ಇನ್ನಷ್ಟು ಮಾರಕವಾಗುತ್ತವೆ.

ಆದ್ದರಿಂದ ರೈತರ ಹತ್ತಿರ ಕೇಳಬಹುದಾದ ಅತ್ಯಂತ ಬೆಲೆಯುಳ್ಳ ಉಪಕಾರ ಇದು: ಬೆಳೆ ಅಥವಾ ಅದರ ಕೆಳಗಿನ ಕಳೆ ಹೂವಿನಲ್ಲಿರುವಾಗ ಕೀಟನಾಶಕವನ್ನೂ ಶಿಲೀಂಧ್ರನಾಶಕವನ್ನೂ ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ, ಒಂದರ ಹಿಂದೆ ಒಂದನ್ನು ಮರುದಿನವೇ ಹೊಡೆಯಬೇಡಿ. ಔಷಧವನ್ನೇ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅವರ ಜೀವನ ಆ ಬೆಳೆಯ ಮೇಲಿದೆ. ಬೆರಕೆಯನ್ನು ಬಿಡಿ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಎರಡು ಬಾರಿ ಕೂಲಿ ಕೊಡಬೇಕಾಗುತ್ತದೆ ಎಂಬುದೊಂದೇ ಅವರ ಆಕ್ಷೇಪ. ಈರುಳ್ಳಿ ಬೀಜ ಕಟ್ಟುವುದು ನೊಣದಿಂದಲೇ ಎಂಬುದು ಬೀಜ ಬೆಳೆಯುವವರಿಗೆ ಚೆನ್ನಾಗಿ ಗೊತ್ತಿರುವುದರಿಂದ ಮಾತು ಅಲ್ಲಿಂದ ಶುರುವಾದರೆ ಹಾದಿ ಸಲೀಸು. ದ್ರಾಕ್ಷಿಯವರ ಹತ್ತಿರ ಈ ವಾದ ನಡೆಯದು, ಏಕೆಂದರೆ ದ್ರಾಕ್ಷಿಗೆ ನೊಣದ ಹಂಗಿಲ್ಲ. ಬೂದಿರೋಗಕ್ಕೆ ಟ್ರೈಯಜೋಲ್ ಅಲ್ಲಿ ಸಾಮಾನ್ಯ. ಹೀಗಾಗಿ ಜುನ್ನರ, ನಾರಾಯಣಗಾವ್ ಕಡೆ ದ್ರಾಕ್ಷಿತೋಟಕ್ಕೆ ತಾಗಿದಂತೆ ಪೆಟ್ಟಿಗೆ ಇಡದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಮೆಲ್ಲಿಫೆರಾ ಸಾಕುವವರು ಇದೇ ತಪ್ಪನ್ನು ತಮ್ಮ ಕೈಯಿಂದಲೇ ಪೆಟ್ಟಿಗೆಯೊಳಗೆ ಮಾಡುವುದುಂಟು. ವರೋವಾ ಹೇನಿಗೆ ಇಡುವ ಟೌ ಫ್ಲುವಲಿನೇಟ್ ಪಟ್ಟಿಯ ಔಷಧವನ್ನು ನೊಣದ ದೇಹದಲ್ಲಿ ಒಡೆಯುವುದೂ ಇದೇ ಕಿಣ್ವಗಳು. ಸುತ್ತ ಫವಾರಣಿ ನಡೆದಿರುವ ವಾರದಲ್ಲಿ ಆ ಪಟ್ಟಿ ಒಳಗಿರಬಾರದು.

ಹೊತ್ತು ನೋಡುವುದು

ಸಂಜೆ ಸೂರ್ಯ ಮುಳುಗಿದ ಮೇಲೆ ಹೊಡೆಯಿರಿ ಎಂಬ ಸಲಹೆ ಎಲ್ಲರಿಗೂ ಗೊತ್ತು, ಮತ್ತು ಪೈರೆಥ್ರಾಯ್ಡ್‌ನಂಥ ತಾಗಿ ಕೊಲ್ಲುವ ಔಷಧಗಳ ಮಟ್ಟಿಗೆ ಅದು ಸರಿ. ಬೆಳಗಿನ ಜಾವ ಹೊಡೆದರೂ ಸಾಲದೇ ಎಂದು ಕೆಲವರು ಕೇಳುತ್ತಾರೆ. ತುಡುವೆ ಮೆಲ್ಲಿಫೆರಾಗಿಂತ ಹೆಚ್ಚು ಚಳಿಯಲ್ಲಿ, ಹೆಚ್ಚು ಬೇಗ ಮೇವಿಗೆ ಹೊರಡುತ್ತದೆ. ಪುಣೆಯ ಜನವರಿಯಲ್ಲಿಯೂ ಬಿಸಿಲು ಕಲ್ಲಿಗೆ ತಾಗುವ ಹೊತ್ತಿಗೆ ಅದು ಹೊಲದಲ್ಲಿರುತ್ತದೆ. ಆಗಿನ್ನೂ ಎಲೆಯ ಮೇಲೆ ಔಷಧ ಒದ್ದೆಯಾಗಿಯೇ ಇರುತ್ತದೆ.

ಆದರೆ ಗಿಡದ ರಸದಲ್ಲಿ ಸೇರಿ ಹರಿಯುವ ಔಷಧಗಳಿಗೆ ಸಂಜೆಯ ನಿಯಮ ಸಾಲದು. ಇಮಿಡಾಕ್ಲೋಪ್ರಿಡ್ ಮತ್ತು ಥಯಾಮೆಥಾಕ್ಸಾಮ್ ಹನಿ ನೀರಾವರಿಯಲ್ಲಿ ಕೊಟ್ಟರೂ, ಬೀಜಕ್ಕೆ ಲೇಪಿಸಿದರೂ, ಎಲೆಗೆ ಹೊಡೆದರೂ ಮಕರಂದ, ಪರಾಗಗಳಿಗೆ ತಲುಪಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಅಲ್ಲಿರಬಲ್ಲವು. ಅವುಗಳಿಗೆ ನೋಡಬೇಕಾದದ್ದು ಗಡಿಯಾರವನ್ನಲ್ಲ, ಮೊಗ್ಗನ್ನು. ದಾಳಿಂಬೆಯಲ್ಲಿ ಯಾವ ಬಹಾರ್, ಅಂದರೆ ಯಾವ ಹೂವಿನ ಹಂಗಾಮು, ಹಿಡಿಯುತ್ತಾರೆಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಅಂಬಿಯಾ ಬಹಾರ್ ಆದರೆ ಜನವರಿ, ಫೆಬ್ರವರಿಯಲ್ಲಿ ಹೂವು. ಮೃಗ ಬಹಾರ್ ಆದರೆ ಜೂನ್, ಜುಲೈ. ಹಸ್ತ ಬಹಾರ್ ಆದರೆ ಸೆಪ್ಟೆಂಬರ್, ಅಕ್ಟೋಬರ್. ಮೊಗ್ಗು ಕಾಣುವ ಮುಂಚೆ ಇಂಥ ಔಷಧ ಹೋಗಿದ್ದರೆ ಹೂವು ಮುಗಿಯುವವರೆಗೆ ಪೆಟ್ಟಿಗೆಯನ್ನು ಅಲ್ಲಿಗೆ ತರದಿರುವುದೇ ಸುರಕ್ಷಿತ. ಗಾಳಿಯಿಂದ ಪರಾಗ ಹಾರುವ ಮೆಕ್ಕೆಜೋಳದ ಹತ್ತಿರ ನೊಣ ಹೋಗುವುದಿಲ್ಲ ಎಂದು ಭಾವಿಸಿದವರೂ ಇದ್ದಾರೆ. ಅದರ ಪರಾಗವನ್ನು ನೊಣಗಳು ಮೂಟೆ ಮೂಟೆಯಾಗಿ ತರುತ್ತವೆ.

ಬೇವು, ಮಾವಿನ ಕೊಂಬೆಗಳಲ್ಲಿ ಅಥವಾ ಎತ್ತರದ ಕಟ್ಟಡಗಳಲ್ಲಿ ತೂಗುವ ಹೆಜ್ಜೇನಿಗೆ, ಮರಾಠಿಯವರ ಆಗ್ಯಾ ಮೋಹೋಳಕ್ಕೆ, ಒಂದು ವಿಶೇಷವಿದೆ: ಬೆಳದಿಂಗಳಿದ್ದರೆ ಅದು ರಾತ್ರಿಯೂ ಮೇಯುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಸಂಜೆಯ ಫವಾರಣಿಯೂ ಅದಕ್ಕೆ ರಕ್ಷೆಯಲ್ಲ.

ಮುಚ್ಚುವುದೋ, ಸಾಗಿಸುವುದೋ

ಹಿಂದಿನ ದಿನ ಸುದ್ದಿ ತಿಳಿದರೆ ಎರಡು ದಾರಿಗಳಿವೆ. ಸಾಗಿಸುವುದಾದರೆ ರಾತ್ರಿ, ಕನಿಷ್ಠ 3 ಕಿಲೋಮೀಟರ್ ದೂರಕ್ಕೆ. ಅದಕ್ಕಿಂತ ಹತ್ತಿರವಾದರೆ ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಹಿಂದಿರುಗಿ ಬೀಡಾಡುತ್ತವೆ.

ಮುಚ್ಚುವುದು ಸುಲಭವಾಗಿ ಕಂಡರೂ ಹೆಚ್ಚು ಪೆಟ್ಟಿಗೆಗಳು ಹಾಳಾಗುವುದು ಇಲ್ಲಿಯೇ. ಮರಿಹುಳುಗಳಿರುವ ಮೇಣದ ಎರಿಯ ಸುತ್ತ ನೊಣಗಳು 34, 35 ಡಿಗ್ರಿ ಉಷ್ಣತೆ ಕಾಯುತ್ತವೆ. ಹೊರಗೆ ಬಿಸಿಲೇರಿದಾಗ ನೀರು ತಂದು ಹರಡಿ ರೆಕ್ಕೆಯಿಂದ ಗಾಳಿ ಬೀಸಿ ತಂಪು ಮಾಡುವುದೇ ಅವುಗಳ ಉಪಾಯ. ಬಾಗಿಲು ಮುಚ್ಚಿದರೆ ನೀರೂ ಇಲ್ಲ, ಗಾಳಿಯೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ಮುಚ್ಚಿದರೆ ಮೇಣ ಮೆತ್ತಗಾಗಿ ಎರಿ ಕುಸಿದು ಕುಟುಂಬ ತನ್ನದೇ ಜೇನಿನಲ್ಲಿ ಮುಳುಗುತ್ತದೆ. ಹಾಗಾಗಿ ಬಾಗಿಲಿಗೆ ಮರದ ಬಿರಡೆಯ ಬದಲು ಜಾಲರಿ ಹಾಕಬೇಕು, ಮೇಲೆ ಖಾಲಿ ಸೂಪರ್ (ಜೇನು ತುಂಬುವ ಮೇಲಿನ ಪೆಟ್ಟಿಗೆ) ಇಟ್ಟು ಜಾಗ ಕೊಡಬೇಕು, ಒಳಗೆ ಒದ್ದೆ ಸ್ಪಂಜು ಇಡಬೇಕು, ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಹೊತ್ತುಹೊತ್ತಿಗೆ ನೀರು ಚಿಮುಕಿಸಬೇಕು. ಹೀಗೆ ಒಂದು ಹಗಲು ತಳ್ಳಬಹುದು, ಎರಡನೆಯದು ಬೇಡ. ತುಡುವೆಗೆ ಕಿರುಕುಳವೆನಿಸಿದರೆ ಪೆಟ್ಟಿಗೆ ಬಿಟ್ಟು ಪರಾರಿಯಾಗುವ ಬುದ್ಧಿ ಮೆಲ್ಲಿಫೆರಾಗಿಂತ ಹೆಚ್ಚು.

ಮೇವು ಸಹ ಮದ್ದು

ಬರಗಾಲದಲ್ಲಿ ಸಕ್ಕರೆ ಪಾಕ ಕೊಡುವುದು ತಪ್ಪಲ್ಲ. ಆದರೆ ಜೇನನ್ನೆಲ್ಲ ತೆಗೆದು ಪಾಕದ ಮೇಲೆಯೇ ಕುಟುಂಬವನ್ನು ಉಳಿಸುವ ಪದ್ಧತಿಯನ್ನು ಔಷಧ ಹೊಡೆಯುವ ಪ್ರದೇಶದಲ್ಲಿ ಬಿಡಬೇಕು. ಪರಾಗದಲ್ಲಿರುವ, ಅದರ ಮೂಲಕ ಜೇನಿಗೂ ಸೇರುವ ಪ್ಯಾರಾ ಕುಮಾರಿಕ್ ಆಮ್ಲವೆಂಬ ವಸ್ತು ನೊಣದ ಹೊಟ್ಟೆಯಲ್ಲಿ ವಿಷ ಒಡೆಯುವ ವಂಶವಾಹಿಗಳನ್ನು ಎಚ್ಚರಿಸುತ್ತದೆ ಎಂದು 2013ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅವುಗಳಲ್ಲಿ ಮೇಲೆ ಹೇಳಿದ ಪಿ450 ಕುಲದವೂ ಇವೆ. ಸಕ್ಕರೆ ಪಾಕದಲ್ಲಿ ಆ ಆಮ್ಲವಿಲ್ಲ. ಅಂಚಿನ ಎರಡು ಎರಿಗಳ ಜೇನನ್ನು ಮುಟ್ಟದೆ ಬಿಡುವುದು, ಬದುವಿನ ಹುಚ್ಚೆಳ್ಳು, ಕೊತ್ತಂಬರಿ, ನುಗ್ಗೆಯಂಥ ಬಗೆಬಗೆಯ ಪರಾಗದ ಗಿಡಗಳನ್ನು ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ. ಬದುವಿಗೆ ಹೊಡೆಯುವ ಗ್ಲೈಫೊಸೇಟ್ ಕಳೆನಾಶಕ ಆ ಗಿಡಗಳನ್ನು ಕಳೆಯುವುದಷ್ಟೇ ಅಲ್ಲ, ನೊಣದ ಕರುಳಿನ ಹಿತಕರ ಬ್ಯಾಕ್ಟೀರಿಯಾಗಳನ್ನೂ ಕಡಿಮೆ ಮಾಡಬಲ್ಲದು.

ಹಳೆಯ ಕಪ್ಪು ಎರಿಗಳನ್ನು ತೆಗೆದು ಕರಗಿಸಿ. ಕೊಬ್ಬಿನಲ್ಲಿ ಕರಗುವ ಔಷಧಗಳೆಲ್ಲ ಮೇಣದಲ್ಲಿ ಸೇರಿ ಕೂಡುತ್ತವೆ.

ಸತ್ತ ನೊಣವನ್ನು ಓದುವುದು

ಪೆಟ್ಟಿಗೆಯ ಮುಂದೆ ಒಂದು ಬಿಳಿ ಬಟ್ಟೆ ಹಾಸಿ, ಒಳ್ಳೆಯ ದಿನಗಳಲ್ಲಿ ದಿನಕ್ಕೆ ಎಷ್ಟು ನೊಣ ಸಾಯುತ್ತವೆಂದು ಒಂದು ವಾರ ಎಣಿಸಿ ಬರೆದಿಡಿ. ಆ ಲೆಕ್ಕವಿಲ್ಲದಿದ್ದರೆ ಕೆಟ್ಟ ದಿನವನ್ನು ಗುರುತಿಸುವುದು ಕಷ್ಟ. ಚಾಚಿದ ನಾಲಗೆ, ಕಾಲಿನ ಪರಾಗ, ಒಮ್ಮೆಗೇ ಬಿದ್ದ ರಾಶಿ ಇವು ವಿಷದ ಗುರುತು. ಮೈಯೆಲ್ಲ ಒದ್ದೆಯಾಗಿ, ಕುಡಿದದ್ದನ್ನು ಕಾರಿಕೊಂಡು ತೆವಳುತ್ತಿದ್ದರೆ ಆರ್ಗನೋಫಾಸ್ಫೇಟಿನ ಅನುಮಾನ ಮೊದಲು. ಬೆಳೆದ ನೊಣಗಳೆಲ್ಲ ಗಟ್ಟಿಯಾಗಿದ್ದು ಮರಿಹುಳು, ಗೂಡುಹುಳುಗಳನ್ನು ಮಾತ್ರ ಎಳೆದು ಹೊರಹಾಕುತ್ತಿದ್ದರೆ ನೊವಲ್ಯುರಾನ್‌ನಂಥ, ಕೀಟದ ಚರ್ಮ ಬೆಳೆಯದಂತೆ ಮಾಡುವ ಔಷಧದ ಕಡೆ ನೋಡಬೇಕು. ಮರಿಗಳ ಸಾವನ್ನು ಕಂಡೊಡನೆ ಪಕ್ಕದ ರೈತರ ಮೇಲೆ ಹರಿಹಾಯುವುದೂ ಬೇಡ. 1991, 92ರಲ್ಲಿ ದಕ್ಷಿಣ ಭಾರತದ ತುಡುವೆಯನ್ನು ಬಹುಪಾಲು ಅಳಿಸಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ಸಿನಲ್ಲಿಯೂ ಮರಿಗಳೇ ಸಾಯುತ್ತವೆ. ಆದರೆ ಅಲ್ಲಿ ಸತ್ತ ಮರಿ ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ, ತಲೆ ಮೇಲಕ್ಕೆ ಬಾಗಿರುತ್ತದೆ.

ಪರೀಕ್ಷೆಗೆ ಕಳಿಸುವ ಇರಾದೆಯಿದ್ದರೆ ಆಗಷ್ಟೇ ಸತ್ತ ನೊಣಗಳನ್ನು ಆರಿಸಿ ಕಾಗದದಲ್ಲಿ ಸುತ್ತಿ, ದಿನಾಂಕ ಬರೆದು, ಅದೇ ದಿನ ಫ್ರೀಜರಿನಲ್ಲಿಡಬೇಕು. ಬಿಸಿಲಿನಲ್ಲಿ ಬಿದ್ದ ಹೆಣದಲ್ಲಿ ಔಷಧವೂ ಒಡೆಯುತ್ತದೆ, ಕಿಣ್ವವೂ ಕೊಳೆಯುತ್ತದೆ. ಗಣೇಶಖಿಂಡ ರಸ್ತೆಯಲ್ಲಿ 1962ರಿಂದ ಇರುವ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಪುಣೆಯವರ ಭಾಗ್ಯ. ಜೇನುಸಾಕಣೆಯ ತರಬೇತಿಯನ್ನು ಅಲ್ಲಿ ಪಡೆಯಬಹುದು.

ನಗರದ ತಾರಸಿಯವರಿಗೆ

ಪೇಟೆಯಲ್ಲಿ ಹೊಲವಿಲ್ಲವೆಂದು ನಿಶ್ಚಿಂತೆಯಾಗಿರುವಂತಿಲ್ಲ. ಬೇಸಿಗೆಯಲ್ಲಿ ಹೂವು ಕಡಿಮೆಯಾದಾಗ ನೊಣಗಳು ರಸವಂತಿಗಳ ಕಡೆ ತಿರುಗುತ್ತವೆ. ಗಾಣದ ಗೆಜ್ಜೆ ಸದ್ದು ಮಾಡುವ ಆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಹಿಂಡಿ ಎಸೆದ ಸಿಪ್ಪೆಯ ರಾಶಿಯ ಮೇಲೆ ಸಕ್ಕರೆ ಬಿಟ್ಟಿ ಸಿಗುತ್ತದೆ, ಗಿರಾಕಿಗಳು ಬೆದರುತ್ತಾರೆಂದು ಅಂಗಡಿಯವರು ಜಿರಳೆಯ ಸ್ಪ್ರೇ ಹೊಡೆಯುತ್ತಾರೆ. ಅದೂ ಪೈರೆಥ್ರಾಯ್ಡೇ. ಅವರಿಗೆ ಬೋಧನೆ ಮಾಡುವುದಕ್ಕಿಂತ ಸಿಪ್ಪೆಯನ್ನು ಮುಚ್ಚಳದ ಡ್ರಮ್ಮಿಗೆ ಹಾಕುವಂತೆ ಕೇಳಿಕೊಳ್ಳುವುದು, ನಮ್ಮ ತಾರಸಿಯಲ್ಲಿ ನೀರು ಮತ್ತು ಸಕ್ಕರೆ, ನೀರು ಒಂದಕ್ಕೊಂದು ಅಳತೆಯ ಪಾಕವನ್ನು ಪೆಟ್ಟಿಗೆಯ ಒಳಗೇ ಇಡುವುದು ಫಲ ಕೊಡುತ್ತದೆ.

ಮಳೆಗಾಲದಲ್ಲಿ ಡೆಂಗಿಗೆ ಹಾಕುವ ಹೊಗೆ ಮುಸ್ಸಂಜೆಯಲ್ಲಿ ಬಂದರೆ ಪೆಟ್ಟಿಗೆಯ ಬಾಗಿಲಿಗೆ ಅರ್ಧ ಗಂಟೆ ಒದ್ದೆ ಬಟ್ಟೆ ಇಳಿಬಿಟ್ಟರೆ ಸಾಕು, ಏಕೆಂದರೆ ತುಡುವೆ ಮರೆಯೊಳಗೆ ಗೂಡು ಕಟ್ಟುವ ಜಾತಿ. ಒಂದೇ ಎರಿಯನ್ನು ಬಯಲಿಗೆ ತೂಗಿಬಿಡುವ ಹೆಜ್ಜೇನಿಗೆ ಅಂಥ ಗೋಡೆಯಿಲ್ಲ. ನಿಮ್ಮ ಸೊಸೈಟಿಯ ಏಳನೆಯ ಮಹಡಿಯ ಸಜ್ಜೆಗೆ ಅದು ಬಂದು ಕುಳಿತಿದ್ದರೆ ಹೊಗೆಯಂತ್ರದವರಿಗೆ ಆ ಬದಿಯನ್ನು ಬಿಡುವಂತೆ ಮೊದಲೇ ಹೇಳಿ, ಆ ಸಂಜೆ ಕೆಳಗಿನ ಅಂಗಳದಲ್ಲಿ ಮಕ್ಕಳು ಆಡದಂತೆ ನೋಡಿಕೊಳ್ಳಿ. ಹೊಗೆಗೆ ಕೆರಳಿದ ಹೆಜ್ಜೇನು ಹೊಗೆಯಂತ್ರದವನನ್ನೇ ಹುಡುಕಿ ಕುಟುಕುವುದಿಲ್ಲ.